ಕುಂಬಳದ ಬಳ್ಳಿಗೆ ನೀರಿನ ಲೆಕ್ಕ

ಬನ್ನಿಮಂಟಪವೆಂದರೆ ಹೊರಊರಿನವರಿಗೆ ನೆನಪಾಗುವುದು ವಿಜಯದಶಮಿ. ಅರಮನೆಯಿಂದ ಹೊರಟ ಜಂಬೂ ಸವಾರಿ ಬಂದು ಸೇರುವುದು ಇಲ್ಲಿಗೆ. ಅಂದು ರಾತ್ರಿ ಪಂಜಿನ ಕವಾಯತು ನಡೆಯುವುದೂ ಇಲ್ಲಿನ ಮೈದಾನದಲ್ಲಿಯೇ. ಆ ಒಂದು ದಿನದ ವೈಭವ ಕಳೆದ ಮೇಲೆ ಇದು ನಮ್ಮಂತಹ ಸಂಸಾರಸ್ಥರು ಬಾಳುವ ಒಂದು ಬಡಾವಣೆ. ನಲ್ಲಿಯಲ್ಲಿ ನೀರು ಬರುವ ಹೊತ್ತನ್ನು ಕಾದು ತೊಟ್ಟಿ ತುಂಬಿಸಿಕೊಳ್ಳುವುದು, ಹಿತ್ತಲಿನಲ್ಲಿ ನಾಲ್ಕು ಹೂಗಿಡ, ಒಂದು ಕರಿಬೇವು, ಒಂದು ನುಗ್ಗೆ ಬೆಳೆಸಿಕೊಳ್ಳುವುದು ಇಲ್ಲಿಯವರ ದಿನಚರಿ. ಈ ಸ್ಥಳಕ್ಕೆ ಹೆಸರು ಕೊಟ್ಟ ಬನ್ನಿಯಾದರೋ ಒಣನೆಲದ ಮರ. ಅದರ ಬೇರು ಬಹಳ ಆಳಕ್ಕಿಳಿದು ತನಗೆ ಬೇಕಾದ ತೇವವನ್ನು ತಾನೇ ಹುಡುಕಿಕೊಳ್ಳುತ್ತದೆ. ಯಾರೂ ಅದರ ಬುಡಕ್ಕೆ ಬಿಂದಿಗೆ ಹೊತ್ತು ನೀರು ಹಾಕಬೇಕಾಗಿಲ್ಲ. ಕುಂಬಳದ ಬಳ್ಳಿಯ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. ಅದರ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲಿನ ಒಂದೆರಡು ಅಡಿಯಲ್ಲಿಯೇ ಹರಡಿರುತ್ತವೆ. ಎಲೆಗಳಾದರೋ ಆನೆಯ ಕಿವಿಯಂತೆ ಅಗಲ. ಕುಡಿಯುವ ಬಾಯಿ ಮೇಲ್ಮಣ್ಣಿನಲ್ಲಿ, ಬೆವರುವ ಮೈ ಬಿಸಿಲಿನಲ್ಲಿ. ಆದ್ದರಿಂದ ಕುಂಬಳ ಬೆಳೆಯುವವನು ಮೊದಲು ಕಲಿಯಬೇಕಾದದ್ದು ನೀರಿನ ಲೆಕ್ಕ.

ಕುಂಬಳವೆಂದರೆ ನಮ್ಮಲ್ಲಿ ಎರಡು ಬಗೆ. ಆಯುಧಪೂಜೆಯ ದಿನ ವಾಹನಗಳ ಮುಂದೆ, ಅಂಗಡಿಗಳ ಬಾಗಿಲಲ್ಲಿ ಒಡೆಯುವುದು ಬೂದುಗುಂಬಳ. ಮಜ್ಜಿಗೆ ಹುಳಿಗೆ, ಕಾಶಿ ಹಲ್ವಕ್ಕೆ ಬರುವುದೂ ಅದೇ. ಇನ್ನೊಂದು ಸಿಹಿಗುಂಬಳ. ಪಲ್ಯ, ಹುಳಿ, ಪಾಯಸ, ಉತ್ತರದ ಕಡೆಯ ನಮ್ಮ ಬಂಧುಗಳ ಮನೆಗಳಲ್ಲಿ ಗಾರಿಗೆ, ಹೀಗೆ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಒಗ್ಗುವ ತರಕಾರಿ. ಕುಯ್ದ ಮೇಲೂ ತಂಪಾದ ಅಟ್ಟದಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯುವುದರಿಂದ ಹಿಂದಿನವರು ಇದನ್ನು ಬರಗಾಲದ ಆಸರೆಯೆಂದು ಕಾಣುತ್ತಿದ್ದರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆ ಹುಟ್ಟಿದ್ದೂ, ಆ ಕಾಯಿ ಹೆಗಲ ಮೇಲೆ ಹೊರಬೇಕಾದಷ್ಟು ದೊಡ್ಡದಾಗುತ್ತಿದ್ದುದರಿಂದಲೇ ಅಲ್ಲವೇ? ಈ ಬರಹ ಅಂತಹ ದೊಡ್ಡ ಸಿಹಿಗುಂಬಳವೊಂದನ್ನು ನಗರದ ಹಿತ್ತಲಿನಲ್ಲಿ ಬೆಳೆದ ವಿಚಾರ.

ದೊಡ್ಡದು ಎಂಬ ಮಾತಿಗೆ ಮಿತಿಯಿಲ್ಲ. ಕೆನಡಾ ದೇಶದ ನೋವಾ ಸ್ಕೋಷಿಯಾದ ರೈತ ಹೊವರ್ಡ್ ಡಿಲ್ ಎಂಬುವರು ವರ್ಷಾನುವರ್ಷ ಬೀಜ ಆರಿಸಿ ‘ಅಟ್ಲಾಂಟಿಕ್ ಜಯಂಟ್’ ಎಂಬ ತಳಿಯನ್ನು ರೂಪಿಸಿದರು. ಇಂದು ಜಗತ್ತಿನ ದೈತ್ಯ ಕುಂಬಳಗಳೆಲ್ಲ ಬಹುಮಟ್ಟಿಗೆ ಆ ತಳಿಯ ಸಂತಾನವೇ. 2023ರಲ್ಲಿ ಅಮೆರಿಕದ ಟ್ರಾವಿಸ್ ಗೀಂಗರ್ ಬೆಳೆದ ಕಾಯಿ 1,247 ಕಿಲೋ ತೂಗಿತು. 2025ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಅವಳಿ ಸೋದರರಾದ ಇಯಾನ್ ಮತ್ತು ಸ್ಟುವರ್ಟ್ ಪೇಟನ್ 1,278 ಕಿಲೋ ಮೀರಿದ ಕಾಯಿಯಿಂದ ಆ ದಾಖಲೆಯನ್ನು ಮುರಿದರು. ಹುಡುಗರಾಗಿದ್ದಾಗ ಆರಂಭಿಸಿದ ಹವ್ಯಾಸವನ್ನು ಆ ಅಣ್ಣತಮ್ಮಂದಿರು ಐದು ದಶಕ ಬಿಡದೆ ನಡೆಸಿಕೊಂಡು ಬಂದವರು. ಅಲ್ಲಿ ಬೆಳವಣಿಗೆಯ ತುರುಸಿನ ದಿನಗಳಲ್ಲಿ ಒಂದು ಕಾಯಿ ದಿನವೊಂದಕ್ಕೆ 20 ಕಿಲೋಗೂ ಹೆಚ್ಚು ತೂಕ ಕೂಡಿಸಿಕೊಳ್ಳುವುದುಂಟು. ಒಂದೇ ಬಳ್ಳಿಗೆ ದಿನಕ್ಕೆ ನೂರಾರು ಲೀಟರ್ ನೀರು ಕೊಡುವುದುಂಟು. ಕುಂಬಳಕಾಯಿಯ ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಆದ್ದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದು ತಂಪು ಹವೆಯ, ಸಮೃದ್ಧ ನೀರಿನ ನಾಡಿನ ಮಾತು. ನಮ್ಮ ಸೆಕೆಗೆ ಆ ತಳಿ ಚೆನ್ನಾಗಿ ಒಗ್ಗುವುದಿಲ್ಲ. ಆ ಪ್ರಮಾಣದ ನೀರಂತೂ ನಮ್ಮ ಬೀದಿಯ ಯಾವ ಮನೆಗೂ ಒಗ್ಗುವುದಿಲ್ಲ.

ಇಷ್ಟು ಪೀಠಿಕೆಯಾದ ಮೇಲೆ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ನನ್ನ ಅಣ್ಣನವರು ಗುಂಡ್ಲುಪೇಟೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನಾಲ್ಕು ಎಕರೆ ಜಮೀನನ್ನು ನಲವತ್ತು ವರ್ಷ ಉತ್ತವರು. ಅರಿಸಿನ, ಸಣ್ಣ ಈರುಳ್ಳಿ, ಕುಂಬಳ ಬೆಳೆದು ತೆರಕಣಾಂಬಿಯ ಮಾರುಕಟ್ಟೆಗೆ ಹಾಕುತ್ತಿದ್ದರು. ಅಲ್ಲಿಂದ ಅದು ಕೇರಳಕ್ಕೆ ಹೋಗುತ್ತಿತ್ತು. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದ ವರ್ಷವದು. 124.80 ಅಡಿಯ ಕೃಷ್ಣರಾಜಸಾಗರ ಆ ವರ್ಷ ತುಂಬಲೇ ಇಲ್ಲ. ಅಣ್ಣನವರ ಕೊಳವೆಬಾವಿ ಮೊದಲು ಬಿಟ್ಟು ಬಿಟ್ಟು ನೀರು ಕೊಟ್ಟಿತು, ಆಮೇಲೆ ಕೆಸರು ಕಾರಿತು, 2024ರ ಶಿವರಾತ್ರಿಯ ಹೊತ್ತಿಗೆ ಬರಿಯ ಗಾಳಿ ಉಸುರಿತು. ಸಾಲಮಾಡಿ ಕೊರೆಯಿಸಿದ ಇನ್ನೊಂದು ಬಾವಿಯಲ್ಲಿ 650 ಅಡಿ ಇಳಿದರೂ ಧೂಳೇ ಬಂದಿತು. ಅತ್ತಿಗೆ ತೀರಿಕೊಂಡು ಮೂರು ವರ್ಷವಾಗಿತ್ತು. ಬೆಂಗಳೂರಿನಲ್ಲಿರುವ ಮಗ, ಜಮೀನು ಮಾರಿ ಸಾಲ ತೀರಿಸೋಣವೆಂದು ಒತ್ತಾಯಿಸುತ್ತಿದ್ದ. ಕೊಳ್ಳುವವರೂ ಗೊತ್ತಾಗಿದ್ದರು. ಆ ಮಾತು ಇತ್ಯರ್ಥವಾಗುವ ತನಕ ನನ್ನ ಮನೆಯಲ್ಲಿರಿ ಎಂದು ನಾನು ಕರೆತಂದೆ.

ಎಪ್ಪತ್ತೊಂದರ ಪ್ರಾಯದಲ್ಲಿ ಕೈಯಲ್ಲಿ ಕೆಲಸವಿಲ್ಲದ ರೈತನನ್ನು ನೋಡುವುದು ಕಷ್ಟ. ಬೆಳಿಗ್ಗೆ ನಾಲ್ಕೂವರೆಗೆ ಏಳುವರು. ಸ್ನಾನ, ಪೂಜೆ ಮುಗಿಸಿ ಜಗುಲಿಯ ಮೇಲೆ ಕುಳಿತರೆ ಊಟದ ತನಕ ಮಾತಿಲ್ಲ. ಜಮೀನಿನ ಪ್ರಸ್ತಾಪ ಬಂದರೆ, “ನೀರು ಹೋದ ಮೇಲೆ ನೆಲ ಯಾಕಪ್ಪಾ?” ಎಂದು ಎದ್ದು ಹೋಗುವರು. ಕಾಯಕವೇ ಬದುಕೆಂದು ನಂಬಿದವರಿಗೆ ಕಾಯಕ ತಪ್ಪಿದಾಗ ಉಳಿಯುವುದೇನು ಎಂಬ ಪ್ರಶ್ನೆ ಪುಸ್ತಕದ ಪ್ರಶ್ನೆಯಾಗಿರದೆ ನಮ್ಮ ಜಗುಲಿಯ ಮೇಲೆಯೇ ಕುಳಿತಿತ್ತು.

ಅವರ ಪೆಟ್ಟಿಗೆಯಲ್ಲಿ ಬೂದಿ ಬೆರೆಸಿ ಕಟ್ಟಿದ ಒಂದು ಬಟ್ಟೆಗಂಟು ಇತ್ತು. ನಮ್ಮ ಅವ್ವನ ಕಾಲದಿಂದ ಉಳಿಸಿಕೊಂಡು ಬಂದ ದೊಡ್ಡ ಸಿಹಿಗುಂಬಳದ ಬೀಜ. ಹೊಸ ತಳಿಗಳ ಬಗೆಗೆ ಅವರಿಗೆ ತಿರಸ್ಕಾರವಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಚಂದನ್’ ಎರಡು ಮೂರು ಕಿಲೋ ತೂಗುವ, ಸಣ್ಣ ಸಂಸಾರಕ್ಕೆ ಹಿತವಾದ ತಳಿಯೆಂದು ಅವರೇ ಹೇಳುವರು. ಆದರೆ ಗಂಟಿನಲ್ಲಿದ್ದ ಬೀಜ ನೀರು ಕಂಡರೆ ಎರಡು ಕೈಯಲ್ಲಿ ಎತ್ತಲಾಗದ ಕಾಯಿ ಕೊಡುವಂತಹುದು. ಹಿತ್ತಲಿನ ಇಪ್ಪತ್ತಡಿ ಅಗಲದ ಖಾಲಿ ಜಾಗದಲ್ಲಿ ಇದನ್ನು ಹಾಕಬಾರದೇಕೆ ಎಂದು ನಾನು ಕೇಳಿದೆ. ಅವರು ಉತ್ತರ ಕೊಡುವ ಮೊದಲೇ ನನ್ನ ಮನೆಯಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನಿಬಂಧನೆ ಹಾಕಿದಳು: “ಭಾವನವರೇ, ಬಳ್ಳಿ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ನಲ್ಲಿ ನೀರು ಮಾತ್ರ ಒಂದು ಚೊಂಬೂ ಕೇಳಬೇಡಿ.” ಆ ಬೇಸಿಗೆಯಲ್ಲಿ ನೀರಿಗಾಗಿ ಪಟ್ಟ ಪಾಡನ್ನು ಬಲ್ಲವರು ಇದನ್ನು ನಿಷ್ಠುರವೆನ್ನಲಾರರು. ಅಣ್ಣನವರ ಮುಖದಲ್ಲಿ ಬಹುದಿನಗಳ ಮೇಲೆ ನಗೆ ಮೂಡಿತು. “ಸರಿಯಮ್ಮ, ಮಾತು ಮಾತೇ” ಎಂದರು.

ನಲ್ಲಿಯ ನೀರಿಲ್ಲವೆಂದ ಮೇಲೆ ಆಕಾಶದ ನೀರನ್ನೇ ನಂಬಬೇಕು. ಮೈಸೂರಿಗೆ ವರ್ಷಕ್ಕೆ ಸರಾಸರಿ 780 ಮಿಲಿಮೀಟರ್ ಆಸುಪಾಸಿನ ಮಳೆ. ಇದರ ಬೆಲೆಯನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ತಾರಸಿ 900 ಚದರಡಿ, ಎಂದರೆ ಸುಮಾರು 84 ಚದರ ಮೀಟರ್. ಹತ್ತು ಮಿಲಿಮೀಟರಿನ ಒಂದು ಹದವಾದ ಮಳೆಗೆ 840 ಲೀಟರ್. ತಾರಸಿ ಹೀರುವುದು, ಚೆಲ್ಲುವುದು ಕಳೆದರೂ 700 ಲೀಟರ್ ಕೈಗೆ ಸಿಗುತ್ತದೆ. ಇಷ್ಟು ನೀರು ಅಷ್ಟು ವರ್ಷ ನಮ್ಮ ಕಣ್ಣೆದುರಿಗೇ ಚರಂಡಿ ಸೇರುತ್ತಿತ್ತು. ಅಣ್ಣನವರು ಈ ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಸಲ ಬರೆದು ನೋಡಿ, “ಇಷ್ಟಿದ್ದರೆ ಬೇಕಾದಷ್ಟಾಯಿತು” ಎಂದರು.

ತಾರಸಿಯ ಇಳಿಕೊಳವೆಯನ್ನು ತಿರುಗಿಸಿ ಹಿತ್ತಲಿನ ಮೂಲೆಯಲ್ಲಿ 1,000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿಗೆ ಸೇರಿಸಿದೆವು. ಟ್ಯಾಂಕು ನೆಲದ ಮೇಲಿದ್ದರೆ ನೀರು ತಾನಾಗಿ ಬಳ್ಳಿಯವರೆಗೆ ಹರಿಯದು. ಆದ್ದರಿಂದ ನಾಲ್ಕು ಅಡಿ ಎತ್ತರದ ಕಟ್ಟೆ ಬೇಕಾಯಿತು. ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ. ಇಟ್ಟಿಗೆಯನ್ನು ಬರಿದೆ ಪೇರಿಸಿಟ್ಟು ಅದರ ಮೇಲೆ ಟ್ಯಾಂಕು ಕೂರಿಸುವುದು ಅಪಾಯಕರ. ಸೈಜುಗಲ್ಲನ್ನು ಸಿಮೆಂಟಿನಲ್ಲಿ ಕಟ್ಟಿಸಿ, ಮೇಲೆ ಚಪ್ಪಡಿ ಹಾಸಿಸಿ, ಹತ್ತು ದಿನ ಕ್ಯೂರಿಂಗ್ ಮಾಡಿದ ಮೇಲೆಯೇ ಟ್ಯಾಂಕು ಏರಿತು. ತುಂಬಿ ಹೊರಚೆಲ್ಲುವ ನೀರಿಗೆ ಕೆಳಗೆ 200 ಲೀಟರಿನ ಎರಡು ನೀಲಿ ಡ್ರಮ್ಮುಗಳು. ಮಳೆಗಾಲದ ಮೊದಲ ಮಳೆ ತಾರಸಿಯ ಧೂಳನ್ನೂ ಹಕ್ಕಿಯ ಹಿಕ್ಕೆಯನ್ನೂ ತೊಳೆದು ತರುತ್ತದೆ. ಆ ಕಾಲು ಗಂಟೆಯ ನೀರನ್ನು ಹೊರಗೆ ಬಿಡಲು ಕೊಳವೆಗೆ ಒಂದು ಬೇರೆ ಬಾಯಿ ಇಟ್ಟೆವು. ಟ್ಯಾಂಕಿನ ಬಾಯಿಗೆ ಸಣ್ಣಕಣ್ಣಿನ ಜಾಲರಿ ಕಟ್ಟಿ ಮುಚ್ಚಳ ಬಿಗಿಗೊಳಿಸಿದೆವು. ಇದು ಕಸ ಸೋಸುವುದಕ್ಕೆ ಮಾತ್ರವಲ್ಲ; ನಿಂತ ನೀರಿನಲ್ಲಿ ಸೊಳ್ಳೆ ಮರಿಮಾಡಿದರೆ ಕುಂಬಳಕ್ಕಿಂತ ಮೊದಲು ಡೆಂಗಿ ಜ್ವರ ಮನೆಗೆ ಬಂದೀತು.

ಎರಡೂವರೆ ಅಡಿ ಅಗಲ, ಎರಡು ಅಡಿ ಆಳದ ಗುಂಡಿ ತೆಗೆದು, ಕೆಮ್ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿದೆವು. ರಾತ್ರಿಯಿಡೀ ನೆನೆಸಿದ ಮೂರು ಬೀಜಗಳನ್ನು 2024ರ ಜೂನ್ 5ರಂದು ಊರಿ, ಎರಡು ವಾರದ ಮೇಲೆ ಬಲವಾದ ಒಂದನ್ನು ಮಾತ್ರ ಉಳಿಸಿದೆವು. ಸಸಿಯ ಪಕ್ಕದಲ್ಲಿ ಅಣ್ಣನವರು ಕುತ್ತಿಗೆಯವರೆಗೆ ಹೂತದ್ದು ಆರು ಲೀಟರ್ ಹಿಡಿಯುವ ಒಂದು ಮಣ್ಣಿನ ಮಡಕೆ. ಬಣ್ಣ, ಮೆರುಗು ಬಳಿಯದ ಸಾದಾ ಮಡಕೆಯೇ ಆಗಬೇಕು. ಸುತ್ತಲಿನ ಮಣ್ಣು ಒಣಗಿದಾಗ ಅದು ಮಡಕೆಯ ಮೈಯ ಸೂಕ್ಷ್ಮ ರಂಧ್ರಗಳಿಂದ ನೀರನ್ನು ಸೆಳೆದುಕೊಳ್ಳುತ್ತದೆ. ಮಣ್ಣು ಒದ್ದೆಯಾಗಿದ್ದರೆ ಸೋರುವುದು ತಾನಾಗಿ ತಗ್ಗುತ್ತದೆ. ಯಂತ್ರವಿಲ್ಲದೆ, ಕಾವಲಿಲ್ಲದೆ ನೆಲವೇ ತನಗೆ ಬೇಕಾದಷ್ಟನ್ನು ಕೇಳಿ ಪಡೆಯುವ ವಿಧಾನವಿದು. ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಚೀನಾ ದೇಶದ ಫಾನ್ ಶೆಂಗ್‌ಝಿ ಎಂಬ ಕೃಷಿ ಗ್ರಂಥಕಾರ, ಬಳ್ಳಿಕಾಯಿಗಳಿಗೆ ಗುಂಡಿಯ ನಡುವೆ ನೀರಿನ ಮಡಕೆ ಹೂಳಿ ಸುತ್ತಲೂ ಬೀಜ ಹಾಕುವ ಕ್ರಮವನ್ನು ಬರೆದಿಟ್ಟಿದ್ದಾನೆ. ಈ ಸಂಗತಿ ಓದಿ ಹೇಳಿದಾಗ ಅಣ್ಣನವರು, “ಅವನೂ ನೀರಿಲ್ಲದ ಊರಿನವನೇ ಇರಬೇಕು” ಎಂದರು. ಮೊದಲ ತಿಂಗಳು ಬಳ್ಳಿಗೆ ಆ ಮಡಕೆಯೇ ತಾಯಿ.

ಬಳ್ಳಿ ಹರಡತೊಡಗಿದ ಮೇಲೆ ಒಂದು ಮಡಕೆ ಸಾಲದು. ಕುಂಬಳದ ಬಳ್ಳಿ ನೆಲ ಮುಟ್ಟಿದ ಗಿಣ್ಣುಗಳಲ್ಲೆಲ್ಲ ಬೇರು ಬಿಡುತ್ತದೆ. ಆ ಗಿಣ್ಣುಗಳ ಮೇಲೆ ಒಂದು ಹಿಡಿ ಗೊಬ್ಬರದ ಮಣ್ಣು ಮುಚ್ಚಿದರೆ ಪ್ರತಿಯೊಂದೂ ಒಂದು ಹೊಸ ಬುಡವೇ ಆಗುತ್ತದೆ. ದೈತ್ಯ ಕುಂಬಳ ಬೆಳೆಯುವವರ ಗುಟ್ಟುಗಳಲ್ಲಿ ಇದು ಮುಖ್ಯವಾದುದು. ಹೀಗಾಗಿ ನೀರು ಬುಡಕ್ಕೆ ಮಾತ್ರವಲ್ಲ, ಬಳ್ಳಿ ನಡೆದ ದಾರಿಯುದ್ದಕ್ಕೂ ಸಿಗಬೇಕು. ಅದಕ್ಕೆ ಹನಿ ನೀರಾವರಿಯೇ ತಕ್ಕ ಉಪಾಯ. ಇಸ್ರೇಲಿನ ಸಿಂಛಾ ಬ್ಲಾಸ್ 1960ರ ದಶಕದಲ್ಲಿ ರೂಢಿಗೆ ತಂದ ಪ್ಲಾಸ್ಟಿಕ್ ಡ್ರಿಪ್ಪರಿನ ಈ ಪದ್ಧತಿ ಇಂದು ನಮ್ಮ ಊರೂರಿನ ಕೃಷಿ ಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತದೆ. 16 ಮಿಲಿಮೀಟರಿನ ಕಪ್ಪು ಪೈಪು, ಒಂದು ಜಾಲರಿ ಫಿಲ್ಟರ್, ಒಂದು ವಾಲ್ವು, ಹತ್ತು ಡ್ರಿಪ್ಪರು, ತುದಿಗೆ ಮುಚ್ಚಳ: ಟ್ಯಾಂಕು, ಕಟ್ಟೆ ಬಿಟ್ಟು ಉಳಿದದ್ದಕ್ಕೆಲ್ಲ 1,800 ರೂಪಾಯಿ ಹಿಡಿಯಿತು.

ಇಲ್ಲಿ ಮನೆಗಳಲ್ಲಿ ಡ್ರಿಪ್ ಹಾಕುವವರು ತಿಳಿದಿರಬೇಕಾದ ಒಂದು ವಿಷಯವಿದೆ. ಡ್ರಿಪ್ಪರಿನ ಮೇಲೆ ‘ಗಂಟೆಗೆ 8 ಲೀಟರ್’ ಎಂದು ಬರೆದಿದ್ದರೆ, ಅದು ಪಂಪಿನ ಒತ್ತಡದಲ್ಲಿ, ಎಂದರೆ ಸುಮಾರು ಹತ್ತು ಮೀಟರ್ ಎತ್ತರದಿಂದ ನೀರು ಇಳಿಯುವಾಗ ಸಿಗುವ ಪ್ರಮಾಣ. ನಾಲ್ಕಡಿ ಕಟ್ಟೆಯ ಟ್ಯಾಂಕಿನಿಂದ ಅಷ್ಟು ಬಾರದು. ಅಣ್ಣನವರು ಪ್ರತಿ ಡ್ರಿಪ್ಪರಿನ ಕೆಳಗೆ ಒಂದು ಲೀಟರಿನ ಬಾಟಲಿ ಇಟ್ಟು, ಗಡಿಯಾರ ಹಿಡಿದು ಅಳೆದರು. ಸರಾಸರಿ ಗಂಟೆಗೆ ಮೂರು ಲೀಟರ್ ಬಂದಿತು. ಟ್ಯಾಂಕು ತುಂಬಿದ್ದಾಗ ಇನ್ನಷ್ಟು ಹೆಚ್ಚು, ತಳ ಕಂಡಾಗ ಕಡಿಮೆ. ಆದ್ದರಿಂದ ಟ್ಯಾಂಕಿನ ಮಟ್ಟ ಇಳಿದಂತೆ ವಾಲ್ವು ತೆರೆದಿಡುವ ಹೊತ್ತನ್ನು ಹೆಚ್ಚಿಸಬೇಕು. ಹತ್ತು ಡ್ರಿಪ್ಪರುಗಳಿಂದ ಗಂಟೆಗೆ 30 ಲೀಟರ್. ಎರಡು ಗಂಟೆ ಬಿಟ್ಟರೆ 60. ಇನ್ನು ನೀರು ಸಾಕೋ ಸಾಲದೋ ಎಂಬುದನ್ನು ಗಡಿಯಾರವಲ್ಲ, ಬೆರಳು ಹೇಳಬೇಕು. ಬೆರಳುದ್ದ ಮಣ್ಣು ಬಗೆದು ಮುಷ್ಟಿಯಲ್ಲಿ ಹಿಡಿದಾಗ ಉಂಡೆಯಾಗಿ ನಿಂತು, ನೀರು ಒಸರದಿದ್ದರೆ ಹದ. ಮಧ್ಯಾಹ್ನದ ಬಿಸಿಲಿಗೆ ಎಲೆ ಜೋಲುಬಿದ್ದರೆ ಗಾಬರಿಯಾಗಿ ನೀರು ಸುರಿಯಬಾರದು. ಅದು ಬಿಸಿಲಿಗೆ ಕೊಡೆ ಮಡಿಚಿದಂತೆ. ಸಂಜೆ ಮತ್ತೆ ಎದ್ದರೆ ಬಳ್ಳಿ ಸುಖವಾಗಿದೆ. ಮರುದಿನ ಬೆಳಿಗ್ಗೆಯೂ ಜೋಲುಬಿದ್ದಿದ್ದರೆ ಆಗ ಬಾಯಾರಿದೆ ಎಂದು ಅರ್ಥ. ನೀರು ಬಿಡುವುದು ಬೆಳಗಿನ ಹೊತ್ತು, ಅದೂ ಎಲೆ ತೋಯದಂತೆ ಮಣ್ಣಿಗೆ. ಎಲ್ಲಕ್ಕೂ ಮಿಗಿಲಾಗಿ ದಿನವೂ ಒಂದೇ ಸಮನಾಗಿ. ನಾಲ್ಕು ದಿನ ಒಣಗಿಸಿ ಐದನೆಯ ದಿನ ಒಮ್ಮೆಲೇ ಹೊಳೆ ಹರಿಸಿದರೆ ಕಾಯಿ ಬಿರಿಯುತ್ತದೆ.

ಆಗಸ್ಟ್ ಆರಂಭದಲ್ಲಿ ಹೆಣ್ಣುಹೂ ಬಂದಿತು. ಹೂವಿನ ಕೆಳಗೆ ಪುಟ್ಟ ಕಾಯಿಯ ಆಕಾರವಿರುವುದು ಹೆಣ್ಣು. ನೀಳವಾದ ತೊಟ್ಟಿನ ಮೇಲೆ ಅರಳುವುದು ಗಂಡು. ಬೆಳಗಿನ ಜಾವ ಅರಳಿ ಬಿಸಿಲೇರುವ ಮೊದಲೇ ಮುದುಡುವ ಈ ಹೂಗಳಿಗೆ ನಗರದಲ್ಲಿ ಜೇನ್ನೊಣ ಬರುವ ಭರವಸೆಯಿಲ್ಲ. ಆಗಸ್ಟ್ 6ರ ಬೆಳಿಗ್ಗೆ ಆರು ಗಂಟೆಗೆ ಅಣ್ಣನವರು ಗಂಡುಹೂವಿನ ಎಸಳು ಬಿಡಿಸಿ, ಪರಾಗವನ್ನು ಹೆಣ್ಣುಹೂವಿಗೆ ತಾವೇ ಮುಟ್ಟಿಸಿದರು. ಕಚ್ಚಿದ ಮೂರು ಕಾಯಿಗಳಲ್ಲಿ ಒಂದನ್ನು ಉಳಿಸಿ ಎರಡನ್ನು ಎಳೆಯದರಲ್ಲೇ ಕುಯ್ದು ಪಲ್ಯಕ್ಕೆ ಕೊಟ್ಟರು. ಉಳಿದದ್ದರ ಕೆಳಗೆ ಮರಳಿನ ಹಾಸಿಗೆ, ಹಣ್ಣುನೊಣ ಚುಚ್ಚದಂತೆ ಮೇಲೆ ತೆಳುಬಟ್ಟೆ. ವಾರಕ್ಕೊಮ್ಮೆ ಟೈಲರಿನ ಟೇಪಿನಿಂದ ಸುತ್ತಳತೆ ಹಿಡಿದು ಬರೆದಿಡುವುದು ಮೊಮ್ಮಗಳ ಕೆಲಸವಾಯಿತು. ಆಗಸ್ಟ್ 25ಕ್ಕೆ 28 ಅಂಗುಲ.

ಪರೀಕ್ಷೆ ಬಂದದ್ದು ಆಗಲೇ. ಕಾಯಿ ಅತಿ ವೇಗವಾಗಿ ಬೆಳೆಯುವ ದಿನಗಳಲ್ಲಿಯೇ ನಮ್ಮ ಬೀದಿಯ ಮೇಲೆ ಮೋಡ ಕವಿಯುತ್ತಿತ್ತು, ಚದುರುತ್ತಿತ್ತು, ಮಳೆ ಮಾತ್ರ ಬೀಳಲಿಲ್ಲ. ಟ್ಯಾಂಕಿನಲ್ಲಿ ಅರ್ಧ, ಡ್ರಮ್ಮುಗಳೆರಡೂ ತುಂಬಿ, ಒಟ್ಟು 900 ಲೀಟರ್ ಇತ್ತು. ದಿನಕ್ಕೆ 60ರಂತೆ ಖರ್ಚಾದರೆ ಹದಿನೈದೇ ದಿನ. ಆ ವರ್ಷ ಜುಲೈನಲ್ಲಿ ಕೃಷ್ಣರಾಜಸಾಗರ ತುಂಬಿದ್ದರಿಂದ ನಲ್ಲಿಯಲ್ಲಿ ನೀರಿಗೆ ಕೊರತೆಯೇನೂ ಇರಲಿಲ್ಲ. “ದೊಡ್ಡ ತಾತಾ, ಎರಡು ಬಕೆಟ್ ನಲ್ಲಿ ನೀರು ಹಾಕಿದರೆ ಏನಾಗುತ್ತೆ?” ಎಂದು ಮೊಮ್ಮಗಳು ಕೇಳಿಯೇ ಬಿಟ್ಟಳು. ನನ್ನ ಮನೆಯಾಕೆ ಸುಮ್ಮನಿದ್ದಳು. ಆ ಮೌನದಲ್ಲಿ ಸಮ್ಮತಿಯಿತ್ತು. ಅಣ್ಣನವರು ಮಗುವನ್ನು ಹತ್ತಿರ ಕೂರಿಸಿಕೊಂಡು ಹೇಳಿದ ಮಾತನ್ನು ನಾನು ಮರೆಯಲಾರೆ. “ಊರಲ್ಲಿ ನಾವೆಲ್ಲ ಹಾಗೇ ಅಂದುಕೊಂಡೆವು ಕಣವ್ವಾ. ನನ್ನ ಬೋರಿನಲ್ಲಿ ನೀರಿದೆ, ನನ್ನದು ಎರಡು ಗಂಟೆ ಹೆಚ್ಚು ಓಡಿದರೆ ಏನಾಗುತ್ತೆ ಅಂತ ಒಬ್ಬೊಬ್ಬರೂ ಅಂದುಕೊಂಡೆವು. ನೆಲದೊಳಗೆ ಇದ್ದದ್ದು ಎಲ್ಲರದೂ ಒಂದೇ ನೀರು.”

ಆ ಸಂಜೆಯಿಂದ ಹೊಸ ಲೆಕ್ಕ ಆರಂಭವಾಯಿತು. ಪರಿಚಯದ ಹಾಲಿನವರಿಂದ ಎರಡು ಹೊರೆ ಭತ್ತದ ಹುಲ್ಲು ತರಿಸಿ, ಉದುರಿದ ಒಣ ಎಲೆಯನ್ನೂ ಸೇರಿಸಿ ಬಳ್ಳಿಯ ಬುಡ ಮತ್ತು ಗಿಣ್ಣುಗಳ ಸುತ್ತ ನಾಲ್ಕು ಬೆರಳು ದಪ್ಪ ಮುಚ್ಚಿಗೆ ಹಾಸಿದೆವು. ಬಿಸಿಲಿಗೆ ಆರಿಹೋಗುತ್ತಿದ್ದ ನೀರು ಉಳಿದು, ದಿನಕ್ಕೆ 45 ಲೀಟರ್ ಸಾಕಾಯಿತು. ಅದರಲ್ಲಿ 15 ಲೀಟರ್ ಅಡುಗೆಮನೆಯಿಂದ: ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು. ಇದನ್ನು ಡ್ರಿಪ್ಪಿನ ಟ್ಯಾಂಕಿಗೆ ಹಾಕಬಾರದು, ಗಂಜಿ ಕಟ್ಟಿ ಡ್ರಿಪ್ಪರು ಮುಚ್ಚಿಹೋಗುತ್ತದೆ. ಹಾಗೆಯೇ ಮುಚ್ಚಿಗೆಯ ಮೇಲೆ ಸುರಿಯಬೇಕು. ಸಾಬೂನು, ಉಪ್ಪು ಬೆರೆತ ನೀರು ಸಲ್ಲದು. ಹೀಗೆ ಟ್ಯಾಂಕಿನಿಂದ ದಿನಕ್ಕೆ 30 ಲೀಟರ್ ಮಾತ್ರ ತೆಗೆದರೆ 900 ಲೀಟರ್ ಒಂದು ತಿಂಗಳು ಬಂದೀತು. ವಿಷಯ ತಿಳಿದ ಪಕ್ಕದ ಮನೆಯ ತಾಯಿಯೊಬ್ಬರು, ಎದುರು ಮನೆಯವರು ತಮ್ಮ ಮನೆಯ ಅಕ್ಕಿ ತೊಳೆದ ನೀರನ್ನೂ ಪಾತ್ರೆಯಲ್ಲಿ ತಂದು ಗೇಟಿನ ಬಳಿ ಇಡತೊಡಗಿದರು. ಮೊದಲು ಮುಗುಳ್ನಗುತ್ತ ತಂದವರು ಆಮೇಲೆ ಕಾಯಿಯ ಸುತ್ತಳತೆ ಕೇಳದೆ ಹೋಗುತ್ತಿರಲಿಲ್ಲ. ಇಪ್ಪತ್ತೈದನೆಯ ದಿನ ರಾತ್ರಿ ಗುಡುಗಿ ಮಳೆ ಸುರಿದಾಗ ಸಂಗ್ರಹದಲ್ಲಿ 150 ಲೀಟರ್ ಉಳಿದಿತ್ತು. ಅಣ್ಣನವರು ಟಾರ್ಚು ಹಿಡಿದು ಹೊರಗೆ ಹೋಗಿ, ಟ್ಯಾಂಕಿಗೆ ನೀರು ಬೀಳುವ ಸದ್ದನ್ನು ಕೇಳುತ್ತ ಮಾಡಿನ ಕೆಳಗೆ ಬಹಳ ಹೊತ್ತು ನಿಂತಿದ್ದರು.

ಅಕ್ಟೋಬರ್ 6ರ ಭಾನುವಾರ, ದಸರೆಯ ಸಡಗರದ ನಡುವೆ, ತೊಟ್ಟು ಒಣಗಿ ಸಿಪ್ಪೆ ಉಗುರಿಗೆ ಬಗ್ಗದಂತಾದ ಕಾಯಿಯನ್ನು ಕುಯ್ದೆವು. ಸುತ್ತಳತೆ 51 ಅಂಗುಲ. ಬೀದಿಯ ತುದಿಯ ದಿನಸಿ ಅಂಗಡಿಯ ತಕ್ಕಡಿಯಲ್ಲಿ 27 ಕಿಲೋ 400 ಗ್ರಾಂ. ಸಾವಿರ ಕಿಲೋ ಮೀರಿದ ಕಾಯಿಗಳ ಮುಂದೆ ಇದು ಎಷ್ಟರದು? ಆದರೆ ಅಣ್ಣನವರ ಪುಸ್ತಕದಲ್ಲಿ ಅದಕ್ಕಿಂತ ಮುಖ್ಯವಾದ ಅಂಕಿಯಿತ್ತು. ಬೀಜ ಊರಿದಂದಿನಿಂದ ಕುಯ್ಯುವ ತನಕ ಬಳ್ಳಿಗೆ ನಾವು ಕೊಟ್ಟ ನೀರು 3,100 ಲೀಟರ್. ಕಾಯಿಯ ಒಂದು ಕಿಲೋಗೆ ಸುಮಾರು 113 ಲೀಟರ್. ನಲ್ಲಿಯಿಂದ ತೆಗೆದದ್ದು ಸೊನ್ನೆ. ಒಂದು ಪಾಲು ಹತ್ತಿರದ ಮಠದ ದಾಸೋಹದ ಅಡುಗೆಮನೆಗೆ ಹೋಯಿತು. ಉಳಿದದ್ದನ್ನು ನೀರು ತಂದುಕೊಟ್ಟ ಮನೆಗಳಿಗೆ ನನ್ನ ಮನೆಯಾಕೆ ತಾನೇ ಕುಯ್ದು ಹಂಚಿದಳು. ಭಾವನವರಿಗೆ ಪಾಯಸ ಬಡಿಸುವಾಗ ತುಪ್ಪ ಎಂದಿಗಿಂತ ಒಂದು ಚಮಚ ಹೆಚ್ಚಾಗಿಯೇ ಬಿದ್ದಿತು.

ವಿಜಯದಶಮಿಯ ಮರುದಿನ ಮಗ ಬೆಂಗಳೂರಿನಿಂದ ಜಮೀನಿನ ಮಾತಿಗೆಂದು ಬಂದ. ಅಣ್ಣನವರು ನೀರಿನ ಪುಸ್ತಕವನ್ನು ಅವನ ಮುಂದಿಟ್ಟರು. “ಒಂದು ಬಳ್ಳಿಗೆ ಇಷ್ಟು. ಅರ್ಧ ಎಕರೆಗೆ ಎಷ್ಟು ಬೇಕು, ಮಳೆ ಎಷ್ಟು ಕೊಡುತ್ತೆ, ನೀನೇ ಲೆಕ್ಕ ಹಾಕು. ಓದಿದವನು ನೀನು” ಎಂದರು. ಅಂದು ಮಧ್ಯಾಹ್ನ ಊಟದ ಹೊತ್ತು ಮೀರಿದರೂ ತಂದೆಮಕ್ಕಳು ಏಳಲಿಲ್ಲ. ನಾಲ್ಕು ಎಕರೆಯನ್ನೂ ಉಳಿಸಿಕೊಳ್ಳಲಾಗಲಿಲ್ಲ. ಬಾವಿ ಕೊರೆಯಿಸಿದ ಸಾಲ ದೊಡ್ಡದಿತ್ತು. ರಸ್ತೆ ಬದಿಯ ಎರಡು ಎಕರೆ ಮಾರಿ ಸಾಲ ತೀರಿಸಿದರು, ಹಿಂಬದಿಯ ಎರಡು ಎಕರೆ ಉಳಿಯಿತು. ಸಹಿ ಹಾಕಿ ಬಂದ ದಿನ ಅಣ್ಣನವರು ಊಟ ಮಾಡಲಿಲ್ಲ. ತಂದೆಯವರು ಕೊಂಡ ನೆಲದ ಅರ್ಧ ಹೋದ ನೋವು ಯಾವ ಕುಂಬಳದಿಂದಲೂ ತುಂಬುವಂತಹುದಲ್ಲ. ಆದರೂ 2025ರ ಮುಂಗಾರಿಗೆ ಮೊದಲು ಅವರು ಊರಿಗೆ ಹಿಂತಿರುಗಿದರು. ಹನ್ನೆರಡು ಮೀಟರ್ ಉದ್ದಗಲ, ಮೂರು ಮೀಟರ್ ಆಳದ ಕೃಷಿ ಹೊಂಡ ತೋಡಿಸಿ, ತಳಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅರ್ಧ ಎಕರೆಗೆ ಮಾತ್ರ ಡ್ರಿಪ್ ಎಳೆಸಿದರು. ಉಳಿದ ಒಂದೂವರೆ ಎಕರೆಗೆ ಮಳೆ ನಂಬಿ ಹುರುಳಿ, ಜೋಳ. ಬತ್ತಿದ ಬಾವಿಗೆ ಮತ್ತೆ ರಿಗ್ಗು ಕರೆಸುವ ಮಾತನ್ನು ಅವರು ಎತ್ತಲಿಲ್ಲ.

ನಮ್ಮ ಹಿತ್ತಲಿನಲ್ಲಿ ಕಟ್ಟೆ, ಟ್ಯಾಂಕು, ಕಪ್ಪು ಪೈಪು ಹಾಗೆಯೇ ಇವೆ. ಈಗ ಅವು ತೊಂಡೆ, ಬದನೆ, ಮೊಮ್ಮಗಳ ಚೆಂಡುಹೂವಿಗೆ ನೀರುಣಿಸುತ್ತಿವೆ. ಓದುಗ ಬಂಧುಗಳಲ್ಲಿ ಸ್ವಲ್ಪವಾದರೂ ಹಿತ್ತಲಿರುವವರು ಇದನ್ನು ಮಾಡಿ ನೋಡಬಹುದು. ಸಾವಿರ ಲೀಟರಿನ ಟ್ಯಾಂಕೇ ಬೇಕೆಂದಿಲ್ಲ. ಒಂದು ಡ್ರಮ್ಮು, ಒಂದು ಮಡಕೆಯಿಂದಲೂ ಒಂದು ಬಳ್ಳಿ ಬೆಳೆಯುತ್ತದೆ. ಮೇ ತಿಂಗಳ ಮಳೆಗೆ ಮೊದಲು ತಾರಸಿ ಗುಡಿಸಿ, ಜಾಲರಿ ಕಟ್ಟಿ ಸಿದ್ಧವಾಗಿರಬೇಕು, ಅಷ್ಟೆ. ಆ ಕಾಯಿಯಿಂದ ತೆಗೆದು ನೆರಳಿನಲ್ಲಿ ಒಣಗಿಸಿದ ಬೀಜವನ್ನು ಬೂದಿ ಬೆರೆಸಿ ಕಟ್ಟಿಟ್ಟಿದ್ದೇವೆ. ಕೇಳಿದ ನೆರೆಹೊರೆಯವರಿಗೆಲ್ಲ ನನ್ನ ಮನೆಯಾಕೆ ನಾಲ್ಕು ನಾಲ್ಕು ಬೀಜ ಕೊಡುತ್ತಾಳೆ. ಕೊಡುವಾಗ ಅಣ್ಣನವರಿಗೆ ಹಾಕಿದ ನಿಬಂಧನೆಯನ್ನೇ ಅವರಿಗೂ ಹಾಕುತ್ತಾಳೆ.